ಕನ್ನಡನಾಡನ್ನು ಕಂಡ ರಷ್ಯದ ಬರಹಗಾರ

ರಷ್ಯದ ಮಹನೀಯರೆಂದೊಡನೆ ಟಾಲ್‌ಸ್ಟಾಯ್, ಮೆಂಡಲೀಫ್ ಮೊದಲಾದವರ ಹೆಸರುಗಳು ನಮ್ಮ ನೆನಪಿಗೆ ಬರುವುದು ಸಹಜವೇ ಆಗಿದೆ. ಆದರೆ ಅವರಿಗಿಂತ ಸುಮಾರು ನಾಲ್ಕು ನೂರು ವರ್ಷಗಳ ಹಿಂದೆಯೇ ರಷ್ಯದವನೊಬ್ಬನು ಕನ್ನಡನಾಡಿನಲ್ಲಿ ವಾಸಮಾಡಿ, ಕಂಡುದನ್ನು ಬರೆದಿಟ್ಟ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆತನು ಪಂಡಿತನಲ್ಲ, ರಾಯಭಾರಿಯೂ ಅಲ್ಲ; ವೋಲ್ಗಾ ತೀರದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನನೆಂಬ ವರ್ತಕನು. ‘ಮೂರು ಸಮುದ್ರಗಳಾಚೆಯ ಯಾತ್ರೆ’ ಎಂಬುದು ಆತನ ಗ್ರಂಥದ ಹೆಸರು.

ನಿಕಿತಿನನು ಹೊರಟುದು 1468ರ ಸುಮಾರಿನಲ್ಲಿ. ದಾರಿಯಲ್ಲಿ ಅಸ್ತ್ರಖಾನಿನ ಬಳಿ ದರೋಡೆಗಾರರು ಆತನ ಸರಕನ್ನೆಲ್ಲ ದೋಚಿದರು, ಧರ್ಮಗ್ರಂಥಗಳೂ ಕೈಬಿಟ್ಟುಹೋದುವು. ಆದರೂ ಹಿಂದಿರುಗದೆ ಪರ್ಷಿಯಾ ದೇಶವನ್ನು ಹಾದು, ಹೋರ್ಮುಜಿನಿಂದ ಒಂದು ಗಂಡುಕುದುರೆಯೊಡನೆ ಹಡಗನ್ನೇರಿ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದುದು 1498ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಜುನ್ನರಿನ ಅಧಿಕಾರಿಯು ಆ ಕುದುರೆಯನ್ನು ಕಸಿದುಕೊಂಡು, ಮತವನ್ನು ಬಿಟ್ಟರೆ ಅದನ್ನೂ ಹೊನ್ನನ್ನೂ ಕೊಡುವೆನೆಂದು ನಾಲ್ಕು ದಿನಗಳ ಗಡುವನ್ನಿತ್ತನು. ಆಗ ಖುರಾಸಾನದ ಮುಸಲ್ಮಾನ ಸಜ್ಜನನೊಬ್ಬನೇ ನಡುವೆ ಬಂದು ನಿಕಿತಿನನನ್ನು ಪಾರುಮಾಡಿದನು.

ಬೀದರವು ಆಗ ಬಹಮನಿ ಅರಸರ ರಾಜಧಾನಿ. ಮಹಮೂದ್ ಗವಾನನು ಮಂತ್ರಿ. ಅರಮನೆಯ ಏಳು ಬಾಗಿಲುಗಳಲ್ಲಿ ಕಾವಲುಗಾರರೊಡನೆ ಕರಣಿಕರು ಕುಳಿತು, ಒಳಬರುವವರನ್ನೂ ಹೊರಹೋಗುವವರನ್ನೂ ಬರೆದುಕೊಳ್ಳುತ್ತಿದ್ದುದನ್ನು ಆತನು ಹೇಳಿದ್ದಾನೆ. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಿದ್ದುದನ್ನೂ, ಹಳ್ಳಿಯ ಜನರು ಕಡುಬಡವರಾಗಿದ್ದುದನ್ನೂ ಒಟ್ಟಿಗೇ ಹೇಳಿದ್ದಾನೆ. ಆಸ್ಥಾನದ ಚರಿತ್ರಕಾರರಲ್ಲಿ ಅರಸರ ಸೋಲುಗೆಲುವುಗಳೇ ಹೆಚ್ಚು. ಅಂದಿನ ಒಕ್ಕಲಿನವರ ಬಡತನಕ್ಕೆ ಈ ಪರದೇಶಿಯ ಮಾತೇ ಸಾಕ್ಷಿ.

ತಾನು ಯಾರೆಂಬುದನ್ನು ಮರೆಮಾಚದೆ ಹೇಳಿದ ಮೇಲೆ ಇಲ್ಲಿಯ ಹಿಂದುಗಳು ತಮ್ಮ ಊಟ, ವ್ಯಾಪಾರ, ಪೂಜೆಗಳಾವುದನ್ನೂ ಆತನಿಂದ ಮುಚ್ಚಿಡಲಿಲ್ಲ. ಅವರೊಡನೆ ಆತನು ‘ಪರ್ವತ’ಕ್ಕೆ ಯಾತ್ರೆ ಹೋದನು, ಅಲ್ಲಿಯ ಕಪ್ಪುಶಿಲೆಯ ನಂದಿಯನ್ನು ವರ್ಣಿಸಿದ್ದಾನೆ. ಅದು ಶ್ರೀಶೈಲವೆಂದು ವಿದ್ವಾಂಸರ ಮತ. ಪರ್ವತ ಮಲ್ಲಯ್ಯನೆಂದು ಇಂದಿಗೂ ಕರೆಯುವ ನಮ್ಮ ಜನರಿಗೆ ಆ ಹೆಸರಿನ ಗುರುತನ್ನು ಬೇರೆ ಹೇಳಬೇಕಾಗಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳು ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿವೆ. ಬಹಮನಿ ವಿಜಯನಗರಗಳು ಬಹುಕಾಲ ಹೋರಾಡಿದುದು ಈ ನೆಲಕ್ಕಾಗಿಯೇ. ನಿಕಿತಿನನು ವಿಜಯನಗರವನ್ನು ಕಣ್ಣಾರೆ ಕಂಡಂತೆ ತೋರುವುದಿಲ್ಲ. ಆದರೂ ಬೆಟ್ಟದ ಮೇಲಣ ಆ ಮಹಾನಗರ, ಮೂರು ಕಂದಕಗಳು, ದಟ್ಟವಾದ ಅಡವಿ, ಊರ ನಡುವೆ ಹರಿಯುವ ಹೊಳೆ ಇವನ್ನೆಲ್ಲ ಕೇಳಿ ಬರೆದನು. ಗಂಗಾವತಿಯ ಕಡೆಯಿಂದ ಆನೆಗೊಂದಿಗೆ ಬಂದು, ಎದುರು ದಡದ ಹಂಪೆಯನ್ನು ನೋಡಿದವರು ಹೊಳೆಯ ಮಾತು ಸುಳ್ಳೆನ್ನಲಾರರು.

ಪುಸ್ತಕಗಳು ಕಳೆದುಹೋದುದರಿಂದ ತನ್ನ ಹಬ್ಬಗಳ ಲೆಕ್ಕವೇ ತಪ್ಪಿತೆಂದು ಆತನು ಮರುಗಿದ್ದಾನೆ. ಲಾಭವೂ ದೊರೆಯಲಿಲ್ಲ. ಹಿಂದಿರುಗುವಾಗ ಸ್ಮೋಲೆನ್‌ಸ್ಕ್ ಪಟ್ಟಣವನ್ನು ಮುಟ್ಟುವ ಮುನ್ನವೇ ತೀರಿಕೊಂಡನು. ಆತನ ಬರಹವನ್ನು ವರ್ತಕರು 1475ರಲ್ಲಿ ಮಾಸ್ಕೋವಿಗೆ ತಲುಪಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಚರಿತ್ರಕಾರ ಕರಾಮ್‌ಜಿನನು ಅದನ್ನು ಮತ್ತೆ ಬೆಳಕಿಗೆ ತಂದನು. 1955ರಲ್ಲಿ ತ್ವೇರಿನಲ್ಲಿ ಆತನ ಪ್ರತಿಮೆಯು ನಿಂತಿತು.

ಸರಕನ್ನು ಅರಸಿ ಹೊರಟವನು ಊರಿಗೆ ಮುಟ್ಟಿಸಿದುದು ಕೆಲವು ಹಾಳೆಗಳನ್ನು ಮಾತ್ರ. ಅವುಗಳಲ್ಲಿ ನಮ್ಮ ಹಿರಿಯರ ಬಾಳಿನ ಒಂದು ಪಾಲು ಉಳಿದುಬಂದಿತೆಂಬುದಕ್ಕಾಗಿ ನಾವು ಆತನಿಗೆ ಋಣಿಗಳು.