ಸಾಣಂದಿನದೋ, ಹಾಲೋಲಿನದೋ?

ಮನೆಗೆ ಹೊಸ ಮೋಟಾರು ತರುವುದೆಂದರೆ ನಮ್ಮಂಥ ಸಂಸಾರವಂದಿಗರಿಗೆ ಒಂದು ಮದುವೆ ಮಾಡಿದಷ್ಟೇ ದೊಡ್ಡ ಕೆಲಸ. ಬಂದ ಸಂಬಂಧ ಒಂದೇ ಆದರೆ ಹೂಂ ಎಂದೋ ಊಹೂಂ ಎಂದೋ ಹೇಳಿ ಮುಗಿಸಬಹುದು. ಎರಡು ಬಂದು, ಎರಡೂ ಯೋಗ್ಯವಾಗಿದ್ದರೆ ನಿದ್ದೆ ಕೆಡುತ್ತದೆ. ೨೦೨೫ರ ಮಳೆಗಾಲವಿಡೀ ಬೋಪಾಲಿನ ನಮ್ಮ ಮನೆಯಲ್ಲಿ ಆದದ್ದು ಇದೇ.

ಹಳೆಯ ಡೀಸೆಲ್ ಬಂಡಿಗೆ ವಯಸ್ಸಾಗಿತ್ತು. ಇನ್ನು ಮೇಲೆ ವಿದ್ಯುತ್ತಿನದೇ ಆಗಲಿ ಎಂದು ಮಕ್ಕಳು ಹಟ ಹಿಡಿದರು. ಸ್ವಲ್ಪ ಎತ್ತರದ್ದಿರಲಿ, ಮಳೆ ಬಂದರೆ ಇಲ್ಲಿಯ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ ಎಂದು ನಮ್ಮಾಕೆ ಹೇಳಿದಳು. ಹೀಗೆ ‘ವಿದ್ಯುತ್ ಎಸ್‌ಯುವಿ’ ಎಂಬ ತೀರ್ಮಾನವಾಯಿತು. ಅಳೆದು ಸುರಿದು ಕೊನೆಗೆ ಉಳಿದವು ಎರಡು: ಟಾಟಾದವರ ನೆಕ್ಸಾನ್ ಇವಿ ಮತ್ತು ಎಂ.ಜಿ.ಯವರ ಜೆಡ್‌ಎಸ್ ಇವಿ.

ನಮ್ಮ ಮಟ್ಟಿಗೆ ಎರಡೂ ನೆರೆಮನೆಯವೇ. ಬೋಪಾಲಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸಾಣಂದು. ಅಲ್ಲಿ ಟಾಟಾದವರ ಹಳೆಯ ಕಾರ್ಖಾನೆಯ ಜೊತೆಗೆ, ಫೋರ್ಡಿನವರಿಂದ ೨೦೨೩ರಲ್ಲಿ ಕೊಂಡ ಇನ್ನೊಂದು ಕಾರ್ಖಾನೆಯೂ ಇದೆ. ೨೦೨೪ರ ಜನವರಿಯಲ್ಲಿ ಅಲ್ಲಿಂದ ನೆಕ್ಸಾನ್ ಬಂಡಿಗಳು ಹೊರಬೀಳಲು ಮೊದಲಾದವು. ಪೂರ್ವಕ್ಕೆ, ವಡೋದರೆಯ ಆಚೆ, ಪಾವಾಗಡದ ಬುಡದ ಹಾಲೋಲಿನಲ್ಲಿ ಎಂ.ಜಿ.ಯವರದು. ಅದೂ ಜನರಲ್ ಮೋಟರ್ಸಿನವರು ಬಿಟ್ಟುಹೋದ ಮನೆಯೇ. ಆದ್ದರಿಂದ ನಮ್ಮ ಮನೆಯಲ್ಲಿ ಕಂಪೆನಿಗಳ ಹೆಸರು ಹಿಂದೆ ಸರಿದು, “ಸಾಣಂದಿನದೋ, ಹಾಲೋಲಿನದೋ?” ಎಂಬುದೇ ಊಟದ ಹೊತ್ತಿನ ಮಾತಾಯಿತು.

ಮೊದಲು ಅಂಕಿಗಳನ್ನು ನೋಡೋಣ. ಸಾಣಂದಿನದಕ್ಕೆ ೪೫ ಕಿಲೋವ್ಯಾಟ್-ಗಂಟೆಯ ಬ್ಯಾಟರಿ, ಹಾಲೋಲಿನದಕ್ಕೆ ೫೦.೩. ಒಂದು ಕಿಲೋವ್ಯಾಟ್-ಗಂಟೆ ಎಂದರೆ ಮನೆಯ ಮೀಟರಿನ ಒಂದು ಯೂನಿಟ್ಟು, ಅಷ್ಟೆ. ಕಾಗದದ ಮೇಲೆ ಒಂದಕ್ಕೆ ೪೮೯ ಕಿಲೋಮೀಟರು, ಇನ್ನೊಂದಕ್ಕೆ ೪೬೧. ಚಿಕ್ಕ ಬ್ಯಾಟರಿಯದೇ ಹೆಚ್ಚು ದೂರವೇ ಎಂದು ಬೆರಗಾಗಬೇಡಿ. ಬಂಡಿಯ ತೂಕ, ಗಾತ್ರ, ಅಳೆದ ಕ್ರಮ ಎಲ್ಲವೂ ಬೇರೆ. ಈ ಅಂಕಿಗಳು ಪರೀಕ್ಷಾಲಯದವು. ಸಾಣಂದಿನವರೇ ದಿನಬಳಕೆಯಲ್ಲಿ ೩೫೦ಕ್ಕೆ ಒಂದಿಷ್ಟು ಮೇಲೆ ಎಂದು ಬೇರೆ ಅಂಕಿ ಕೊಟ್ಟಿದ್ದರು. ಅಪಘಾತದ ಪರೀಕ್ಷೆಯಲ್ಲಿ ಎರಡಕ್ಕೂ ಐದು ನಕ್ಷತ್ರ: ಹಾಲೋಲಿನ ಮಾದರಿಗೆ ೨೦೧೯ರಲ್ಲಿ ಯುರೋಪಿನಲ್ಲಿ, ಸಾಣಂದಿನದಕ್ಕೆ ೨೦೨೪ರಲ್ಲಿ ನಮ್ಮ ದೇಶದಲ್ಲಿ. ಹಾಲೋಲಿನದು ನಾಲ್ಕು ಕಾಲು ಮೀಟರಿಗೂ ಉದ್ದ. ಸಾಣಂದಿನದು ನಾಲ್ಕು ಮೀಟರಿನೊಳಗೆ. ಬೆಲೆಯಲ್ಲೂ ಹಾಲೋಲಿನದೇ ಮೇಲು.

ನಾನು ಉದ್ದನೆಯದರ ಕಡೆಗಿದ್ದೆ. ದೊಡ್ಡ ಬ್ಯಾಟರಿ, ದೊಡ್ಡ ಶಕ್ತಿ. ಗಂಡಸರ ಲೆಕ್ಕ ಹೀಗೆಯೇ ತಾನೆ? ಆಗ ನಮ್ಮಾಕೆ ಒಂದೇ ಒಂದು ಪ್ರಶ್ನೆ ಕೇಳಿದಳು:

“ರಾತ್ರಿ ಎರಡು ಗಂಟೆಗೆ ಧಾರವಾಡದಿಂದ ಫೋನು ಬಂದರೆ?”

ಪರಊರಿನಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಾಯಿ ಧಾರವಾಡದಲ್ಲಿ ಒಬ್ಬರೇ ಇದ್ದಾರೆ. ವಯಸ್ಸು ಎಪ್ಪತ್ತೆಂಟು. ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರೆಂದು ನಡುರಾತ್ರಿ ಸುದ್ದಿ ಬಂದಾಗ, ಹಳೆಯ ಡೀಸೆಲ್ ಬಂಡಿಯಲ್ಲಿ ಉಟ್ಟ ಬಟ್ಟೆಯಲ್ಲೇ ಹೊರಟಿದ್ದೆವು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ಆ ರಾತ್ರಿಯನ್ನು ನಮ್ಮಾಕೆ ಮರೆತಿಲ್ಲ; ನಾನೂ ಮರೆತಿಲ್ಲ.

ದಾರಿಯೇನೋ ಒಂದೇ. ದೆಹಲಿಯಿಂದ ಮದರಾಸಿಗೆ ಹೋಗುವ ೪೮ನೆಯ ಹೆದ್ದಾರಿ ನಮ್ಮ ಅಹಮದಾಬಾದಿನಿಂದ ವಡೋದರೆ, ಸೂರತ್ತು, ಮುಂಬಯಿ, ಪುಣೆ, ಕೊಲ್ಲಾಪುರಗಳನ್ನು ಹಾದು ನಿಪ್ಪಾಣಿಯಲ್ಲಿ ಕನ್ನಡ ನಾಡನ್ನು ಹೊಕ್ಕು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ಹೋಗುತ್ತದೆ. ಧಾರವಾಡಕ್ಕೆ ಸಾವಿರ ಕಿಲೋಮೀಟರಿಗೆ ಒಂದಿಷ್ಟು ಮೇಲೆ.

ಕಾಗದ ಪೆನ್ಸಿಲು ಹಿಡಿದು ಕೂತೆ. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ; ಯೂನಿಟ್ಟಿಗೆ ಆರೂವರೆ ಕಿಲೋಮೀಟರು ಹಿಡಿದರೆ ಮೋಸವಿಲ್ಲ. ಭಾರದ ಬಂಡಿಗೆ ೬.೨ ಎನ್ನೋಣ. ಬ್ಯಾಟರಿ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿಯಬಾರದು. ದಾರಿಯಲ್ಲಿ ತುಂಬಿಸುವಾಗ ಎಂಬತ್ತರವರೆಗೆ ಮಾತ್ರ, ಏಕೆಂದರೆ ಆಮೇಲೆ ಬ್ಯಾಟರಿ ನಿಧಾನವಾಗಿ ಕುಡಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ ಸಾಣಂದಿನದು ಮನೆಯಿಂದ ತುಂಬಿ ಹೊರಟು ೨೩೪ ಕಿಲೋಮೀಟರು, ಆಮೇಲೆ ನಿಂತಲ್ಲೆಲ್ಲ ೧೭೫. ಹಾಲೋಲಿನದು ಮೊದಲು ೨೪೯, ಆಮೇಲೆ ೧೮೭. ಧಾರವಾಡ ಮುಟ್ಟಲು ಸಾಣಂದಿನದು ಎಷ್ಟು ಕಡೆ ನಿಲ್ಲಬೇಕು? ಐದು ಕಡೆ. ಹಾಲೋಲಿನದು? ಅದೂ ಐದು ಕಡೆಯೇ!

ದೊಡ್ಡ ಬ್ಯಾಟರಿಯ ಮೇಲಿನ ನನ್ನ ಮೋಹ ಅಲ್ಲಿಗೆ ಅರ್ಧ ಇಳಿಯಿತು. ಒಂದೊಂದು ಕಡೆ ನಲವತ್ತು ನಿಮಿಷವೆಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ಹೆಚ್ಚು, ಅದೂ ಯಂತ್ರ ಕೆಡದೆ, ಮುಂದೆ ಇನ್ನೊಬ್ಬರು ನಿಂತಿರದೆ ಇದ್ದರೆ. ದೀಪಾವಳಿಗೆ ಊರಿಗೆ ಹೋಗುವಾಗ ಇದು ಊಟ, ಕಾಫಿ, ಮಕ್ಕಳ ಕೈಕಾಲು ಸಡಿಲಿಕೆಗೆ ಸರಿಹೋಗುತ್ತದೆ. ಆದರೆ ರಾತ್ರಿ ಎರಡು ಗಂಟೆಯ ಫೋನಿಗೆ? ಆ ಪ್ರಶ್ನೆಗೆ ಎರಡರಲ್ಲಿ ಯಾವ ಬಂಡಿಯಲ್ಲೂ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಡೀಸೆಲ್ ಬಂಡಿಯಲ್ಲೂ ಇರಲಿಲ್ಲ. ಮನಸ್ಸು ಕಲಕಿದವನು ನಿದ್ದೆಗಣ್ಣಿನಲ್ಲಿ ಸಾವಿರ ಕಿಲೋಮೀಟರು ಓಡಿಸಿದ್ದು ಧೈರ್ಯವಲ್ಲ, ಅದೃಷ್ಟ.

ಆಗ ಉತ್ತರ ತಾನಾಗಿ ಹೊಳೆಯಿತು. ಕಡಿಮೆ ಬೆಲೆಯದನ್ನು ಕೊಂಡು, ಉಳಿದ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡುವುದು. ಫೋನು ಬಂದ ದಿನ ಮೊದಲು ಸಿಕ್ಕ ವಿಮಾನ, ಬೆಲೆ ಕೇಳಬಾರದು. ನಮ್ಮಾಕೆ ಆ ಖಾತೆಗೆ ‘ಧಾರವಾಡ’ ಎಂದೇ ಹೆಸರಿಟ್ಟಿದ್ದಾಳೆ.

ಉಳಿದದ್ದು ತಾಯಿಯ ಒಪ್ಪಿಗೆ. ಶ್ರಾವಣದಲ್ಲಿ ಅವರು ಬೋಪಾಲಿಗೆ ಬಂದಿದ್ದಾಗ ಎರಡೂ ಅಂಗಡಿಗಳಿಗೆ ಕರೆದೊಯ್ದೆ. “ಯಾವುದರ ತಗೋಪಾ, ನನ್ನ ಮೊಣಕಾಲಿಗೆ ಏರಲಿಕ್ಕೆ ಬಂದರ ಸಾಕು” ಎಂದರು. ಇಲ್ಲೊಂದು ಸೂಕ್ಷ್ಮವಿದೆ. ಈ ಎರಡೂ ಪೆಟ್ರೋಲ್ ಬಂಡಿಯ ಅಚ್ಚಿನಿಂದ ಹುಟ್ಟಿದವು. ಬ್ಯಾಟರಿ ನೆಲದಡಿ ಇರುತ್ತದೆ. ಹಿಂದೆ ಕೂತವರ ಮೊಣಕಾಲು ತುಸು ಮೇಲೆದ್ದು ತೊಡೆಗೆ ಆಸರೆ ಕಡಿಮೆಯಾಗುತ್ತದೆ. ಆದ್ದರಿಂದ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕಾಲು ಗಂಟೆ ಕೂರಿಸಿ ನೋಡಿಯೇ ಕೊಳ್ಳಿ. ಕಾಲು ಚಾಚಲು ಹಾಲೋಲಿನದು ಮೇಲೆನಿಸಿತು. ಆದರೆ ತಾಯಿ ಸಾಣಂದಿನದರ ಮುಂದಿನ ಸೀಟಿನಲ್ಲಿ ಕೂತು ಇಳಿಯಲೇ ಇಲ್ಲ. “ಇಲ್ಲೇ ಛಲೋ ಅದ” ಎಂದರು. ನಮ್ಮಾಕೆಗೆ ಹಿಂದಿನ ಸೀಟು ಎಂಬುದು ಆ ಗಳಿಗೆಯಲ್ಲೇ ನಿಶ್ಚಯವಾಯಿತು.

ಇನ್ನು ತುಂಬಿಸುವ ವ್ಯವಸ್ಥೆ. ನಮ್ಮ ವಸತಿ ಸಂಘದವರು ನೆಲಮಾಳಿಗೆಯಲ್ಲಿ ಚಾರ್ಜರು ಬೇಡವೆಂದು ಎರಡು ತಿಂಗಳು ಸತಾಯಿಸಿದರು. ಬೆಂಕಿಯ ಭಯ ಅವರದು. ಅದು ತಪ್ಪೆಂದು ನಾನು ಹೇಳಲಾರೆ. ಇದ್ದ ಮನೆಯ ಸಂಪರ್ಕದಿಂದಲೇ ಬಂಡಿ ತುಂಬಿಸಬಹುದೆಂದು ಕೇಂದ್ರದ ವಿದ್ಯುತ್ ಸಚಿವಾಲಯ ೨೦೨೨ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಪ್ರತಿಯನ್ನು ಕೊಟ್ಟು, ಬೇರೆ ತಂತಿ, ಸರಿಯಾದ ಭೂಸಂಪರ್ಕ, ಸೋರಿಕೆ ಕಂಡರೆ ತಾನೇ ಆರುವ ಸ್ವಿಚ್ಚು ಇವುಗಳನ್ನು ನನ್ನ ಖರ್ಚಿನಲ್ಲಿ ಹಾಕಿಸುತ್ತೇನೆಂದು ಬರೆದುಕೊಟ್ಟ ಮೇಲೆ ಒಪ್ಪಿದರು. ಬಂಡಿಗೆ ಮುಂಗಡ ಕೊಡುವ ಮೊದಲೇ ಈ ಒಪ್ಪಿಗೆ ಪಡೆಯಿರಿ ಎಂಬುದು ನನ್ನ ಮೊದಲ ಬುದ್ಧಿಮಾತು. ಎರಡನೆಯದು ನಮ್ಮ ಬಿಸಿಲಿನದು: ೨೦೧೬ರ ಮೇ ತಿಂಗಳಲ್ಲಿ ಈ ಊರು ೪೮ ಡಿಗ್ರಿ ಕಂಡಿದೆ. ಪೂರ್ತಿ ತುಂಬಿದ ಬಂಡಿಯನ್ನು ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ. ನೆರಳು ಬ್ಯಾಟರಿಗೂ ಹಿತ.

ದೀಪಾವಳಿಗೆ ಮೊದಲ ಪ್ರಯಾಣ, ತಾಯಿಯನ್ನು ಊರಿಗೆ ಬಿಡಲು. ಭರೂಚದ ಬಳಿ ನರ್ಮದೆ ದಾಟುವಾಗ ಮಕ್ಕಳಿಗೆ ಹೇಳಿದೆ: ಈ ನದಿಗೆ ರೇವಾ ಎಂದೂ ಹೆಸರು, ೨೦೦೧ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಟ ಪುಟ್ಟ ವಿದ್ಯುತ್ ಕಾರಿನ ಹೆಸರೂ ರೇವಾ. ಸೀಸದ ಬ್ಯಾಟರಿಯ ಆ ಕಾರು ಒಮ್ಮೆ ತುಂಬಿಸಿದರೆ ಎಂಬತ್ತು ಕಿಲೋಮೀಟರು ಓಡುತ್ತಿತ್ತು. ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ಖಂಡಾಲ ಘಾಟಿನ ಏರು ನಮ್ಮ ಬ್ಯಾಟರಿಯನ್ನು ಗಬಗಬ ನುಂಗಿತು. ಪುಣೆ ದಾಟಿ ಇಳಿಜಾರು ಬಂದಲ್ಲೆಲ್ಲ ಮೋಟಾರೇ ಡೈನಮೋ ಆಗಿ ಒಂದಿಷ್ಟನ್ನು ಹಿಂದಕ್ಕೆ ಕೊಟ್ಟಿತು. ಕೊಲ್ಲಾಪುರದಲ್ಲಿ ರಾತ್ರಿ ತಂಗಿ, ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಧಾರವಾಡ ಸೇರಿದೆವು.

ಕೊಲ್ಲಾಪುರದಿಂದ ಬೆಳಿಗ್ಗೆ ಹೊರಟು ಒಂದೆರಡು ಮೈಲಿಯಾಗಿತ್ತು. ಮುಂದಿನ ಸೀಟಿನಿಂದ ತಾಯಿ ಕೇಳಿದರು: “ಏನೋ, ಇನ್ನೂ ಗಾಡಿ ಚಾಲೂ ಮಾಡಿಲ್ಲೇನು?”