ನಾಲೆಯ ನೀರೂ ಚಳಿಜ್ವರವೂ

ಕನ್ನಂಬಾಡಿಯಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾದು, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಬೆದ್ದಲನ್ನು ಗದ್ದೆಯಾಗಿಯೂ ಕಬ್ಬಿನ ತೋಟವಾಗಿಯೂ ಮಾರ್ಪಡಿಸಿದ ಇರ್ವಿನ್ ನಾಲೆಯನ್ನು, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯನ್ನು, ಕೊಂಡಾಡಿದವರು ಬಹುಮಂದಿ. ಆ ನೀರಿನ ಬೆನ್ನಿಗೇ ಬಂದ ಚಳಿಜ್ವರವನ್ನೂ, ಅದನ್ನು ಇದಿರಿಸಿದ ಆರೋಗ್ಯ ಇಲಾಖೆಯನ್ನೂ ಸ್ಮರಿಸುವವರು ವಿರಳ.

ರೋಗಿಯು ತಾನಾಗಿ ಬರಲೆಂದು ಕಾಯುವುದು ಆಸ್ಪತ್ರೆಯ ಧರ್ಮವಾದರೆ, ರೋಗ ಹುಟ್ಟುವೆಡೆಗೆ ತಾನೇ ನಡೆದುಹೋಗುವುದು ಈ ಇಲಾಖೆಯ ಧರ್ಮ. ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1930ರ ಆಸುಪಾಸಿನಲ್ಲಿ ಈ ಧರ್ಮವನ್ನು ಹಳ್ಳಿಗಾಡಿನಲ್ಲಿ ಪರೀಕ್ಷಿಸಲೆಳಸಿದಾಗ ಆರಿಸಿಕೊಂಡದ್ದು ಮಂಡ್ಯವನ್ನೇ. ಮಂಡ್ಯ ಜಿಲ್ಲೆ ರಚಿತವಾದದ್ದು 1939ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸಿದ ಭೋರ್ ಸಮಿತಿಯ ವರದಿ ಬಂದದ್ದು 1946ರಲ್ಲಿ. ಆ ಪರೀಕ್ಷೆಗೆಂದು ಇಲ್ಲಿ ತೆರೆದ ಆರೋಗ್ಯ ಘಟಕವು ಇವೆರಡಕ್ಕೂ ಹಿರಿಯದು.

ಅಂದಿನ ಕೆಲಸದಲ್ಲಿ ಆಡಂಬರವಿರಲಿಲ್ಲ. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಪಕ್ಕೆಯ ಕೆಳಗೆ ಬೆರಳೊತ್ತಿ, ಎಷ್ಟು ಮಂದಿಗೆ ಜ್ವರಗಡ್ಡೆ, ಎಂದರೆ ಊದಿದ ಗುಲ್ಮ, ಇದೆಯೆಂದು ಎಣಿಸಿದರೆ ಆ ಊರಿನ ಮಲೇರಿಯದ ಅಳತೆ ಸಿಕ್ಕುತ್ತಿತ್ತು. ಆಮೇಲೆ ನಾಲೆಯ ಸೋರಿಕೆ, ಕಾಲುವೆಯಂಚಿನ ಹುಲ್ಲು, ಗದ್ದೆಯ ನಿಂತ ನೀರು ಇವುಗಳಲ್ಲಿ ಸೊಳ್ಳೆಯ ಮರಿಗಳನ್ನು ಹುಡುಕುವುದು, ಧೂಳಿನೊಡನೆ ಬೆರೆಸಿದ ಪ್ಯಾರಿಸ್ ಗ್ರೀನ್ ಎಂಬ ವಿಷವನ್ನು ಎರಚುವುದು. ಡಾ. ಬಿ. ಎ. ರಾವ್ ಅವರು 1928ರಲ್ಲಿ ಇಟಲಿಯಿಂದ ತರಿಸಿದ, ಸೊಳ್ಳೆಮರಿಗಳನ್ನು ತಿನ್ನುವ ಗಂಬೂಸಿಯ ಮೀನು ಭಾರತಕ್ಕೆ ಬಂದದ್ದೂ ಸಂಸ್ಥಾನದ ಈ ಪ್ರಯತ್ನಗಳ ನಡುವೆಯೇ. ಅವರೂ ಸಹೋದ್ಯೋಗಿ ಸ್ವೀಟ್ ಅವರೂ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ ಬೇರ್ಪಡಿಸಿದ ಸೊಳ್ಳೆಯ ಉಪಭೇದವೊಂದಕ್ಕೆ 'ಮೈಸೊರೆನ್ಸಿಸ್' ಎಂದೇ ಹೆಸರು. ಮೈಸೂರಿಗೆ ದೊರೆತ ಕೀರ್ತಿಗಳಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ!

1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಮೊದಲಾಗಿ, ಡಿ.ಡಿ.ಟಿ. ಸಿಂಪಡಿಸುವವರು ಮನೆಮನೆಗೂ ಬಂದರು. ಈಗಿನ ಚಿಂತೆ ಡೆಂಗಿಯದು. ಅದರ ಸೊಳ್ಳೆಗೆ ನಾಲೆ ಬೇಡ, ಹಿತ್ತಲಿನ ಡ್ರಮ್ಮೊಂದು ಸಾಕು. ಬಿಸಿಲಿನಲ್ಲಿ ಬಾಗಿಲು ಬಾಗಿಲಿಗೆ ತಿರುಗಿ ಆ ಡ್ರಮ್ಮುಗಳನ್ನು ಬಗ್ಗಿ ನೋಡುವವರು ಆಶಾ ಕಾರ್ಯಕರ್ತೆಯರು.

ಆದರೆ ಇಲಾಖೆಯ ಕಣ್ಣು ಎಲ್ಲೆಡೆಯೂ ಅಷ್ಟೇ ಹರಿತವಾಗಿಲ್ಲವೆಂಬುದನ್ನೂ ಹೇಳಲೇಬೇಕು. ನಾಲೆಯ ನೀರುಂಡು ಬೆಳೆದ ಕಬ್ಬನ್ನು ಅರೆಯುವ ಆಲೆಮನೆಯೊಂದರಲ್ಲಿ ಗರ್ಭಸ್ಥ ಶಿಶುವಿನ ಲಿಂಗವನ್ನು ಸ್ಕ್ಯಾನಿಂಗ್ ಯಂತ್ರವಿಟ್ಟು ಪತ್ತೆಹಚ್ಚುತ್ತಿದ್ದ ಜಾಲವು 2023ರಲ್ಲಿ ಬಯಲಾದದ್ದು ಬೆಂಗಳೂರಿನ ಪೊಲೀಸರಿಂದ. ಸೊಳ್ಳೆಯ ಮೊಟ್ಟೆಗಳ ಭೇದವನ್ನೂ ಬಿಡದೆ ಕಂಡ ಪರಂಪರೆಯ ಇಲಾಖೆಗೆ ಇದು ಶೋಭಿಸುವ ಸಂಗತಿಯಲ್ಲ.