ಒನಕೆಗೇಕೆ ಮನೆಹೆಸರಿಲ್ಲ?

ಗೋಣಿಕೊಪ್ಪಲಿನಿಂದ ಬಾಳೆಲೆಯ ಕಡೆಗೆ ಹೊರಟವನಿಗೆ ದಾರಿಯ ಊರುಗಳ ಹೆಸರುಗಳೇ ಒಂದು ಪಾಠವಾಗುತ್ತವೆ. ಪೊನ್ನಪ್ಪಸಂತೆ ಎಂದೊಡನೆ ಒಬ್ಬ ವ್ಯಕ್ತಿಯೂ ಅವನ ಹೆಸರಿನ ಸಂತೆಯೂ ಕಣ್ಣ ಮುಂದೆ ನಿಲ್ಲುತ್ತವೆ. ಬಾಳೆಲೆ ಎಂದೊಡನೆ ಊಟಕ್ಕೆ ಹಾಸಿದ ಹಸಿರೆಲೆಯ ನೆನಪಾಗುತ್ತದೆ. ಒಂದು ಮಗ್ಗುಲಿಗೆ ನಾಗರಹೊಳೆಯ ಕಾಡು, ಇನ್ನೊಂದು ಮಗ್ಗುಲಿಗೆ ಕಾಫಿಯ ತೋಟ, ತಗ್ಗಿನಲ್ಲಿ ಬತ್ತದ ಗದ್ದೆ. ದಕ್ಷಿಣ ಕೊಡಗಿನ ಈ ಅಂಚಿನ ಊರಿನಲ್ಲಿ ಅನ್ನವೆಂಬುದು ಗದ್ದೆಯಿಂದ ಎಲೆಗೆ ಬಂದು ಸೇರುವ ದಾರಿ ಬಹಳ ದೂರದ್ದಲ್ಲ. ಆ ದಾರಿಯ ನಡುವೆ ಒಂದು ನಿಲುಗಡೆ ಮಾತ್ರ ಇತ್ತು: ಒರಳು.

ಅಲ್ಲಿ ನನ್ನ ಅಧ್ಯಾಪಕ ಮಿತ್ರರೊಬ್ಬರ ಮನೆಯ ಅಂಗಳದಲ್ಲಿ ಅಂಥದೊಂದು ಹಳೆಯ ಒರಳು ಬಿದ್ದಿದೆ. ಮಳೆಯ ನೀರು ತುಂಬಿಕೊಂಡು ಅದೀಗ ಕೋಳಿಗಳಿಗೆ ಕುಡಿಯುವ ಬಾನಿಯಾಗಿದೆ. ನಾನು ಹೋದ ದಿನ ಮಿತ್ರರ ಮಗಳು, ಕಾಲೇಜಿನ ವಿದ್ಯಾರ್ಥಿನಿ, ಜಗಲಿಯಲ್ಲಿ ಕುಳಿತು ಮ್ಯಾಕ್ಸ್ ಮುಲ್ಲರನ ಕುರಿತು ಏನನ್ನೋ ಓದುತ್ತಿದ್ದಳು. ‘ಮುಲ್ಲರ್’ ಎಂದರೆ ಜರ್ಮನ್ ಭಾಷೆಯಲ್ಲಿ ಧಾನ್ಯ ಬೀಸುವವನು ಎಂದು ನಾನು ಮಾತಿಗೆ ಹೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತಿ, “ಹಾಗಾದರೆ ನಮ್ಮಲ್ಲಿ ಅಕ್ಕಿ ಕುಟ್ಟುವವರ ಹೆಸರಿನ ಮನೆತನ ಏಕೆ ಇಲ್ಲ, ಸರ್?” ಎಂದು ಕೇಳಿದಳು. ನಾನು ಉತ್ತರಕ್ಕೆ ತಡಕಾಡುತ್ತಿದ್ದಂತೆ, ಒಳಗಿನಿಂದ ಬಂದ ಮಿತ್ರರ ತಾಯಿ ಸಹಜವಾಗಿ ಅಂದರು: “ಎಲ್ಲರೂ ಮಾಡುವ ಕೆಲಸಕ್ಕೆ ಯಾರ ಹೆಸರು ಇಡುವುದು, ಮಗಳೇ?”

ಎಂಬತ್ತು ದಾಟಿದ ಆ ತಾಯಿಯ ಮಾತು ಹೆಸರುಗಳ ಶಾಸ್ತ್ರವನ್ನೇ ಒಂದು ವಾಕ್ಯದಲ್ಲಿ ಹೇಳಿತು ಎಂಬುದು ನನಗೆ ಹೊಳೆದದ್ದು ಮರಳಿ ಬರುವ ದಾರಿಯಲ್ಲಿ.

ಮುಲ್ಲರ್ ಎಂಬುದು ಜರ್ಮನಿಯಲ್ಲಿ ಅತಿ ಹೆಚ್ಚು ಜನ ಹೊತ್ತಿರುವ ಮನೆತನದ ಹೆಸರು. ಇಂಗ್ಲಿಷಿನ ಮಿಲ್ಲರ್, ಡಚ್ಚರ ಮುಲ್ಡರ್, ಇಟಲಿಯ ಮೊಲಿನಾರಿ, ಹಂಗೇರಿಯ ಮೊಲ್ನಾರ್, ರಷ್ಯದ ಮೆಲ್ನಿಕೋವ್, ಎಲ್ಲವೂ ಅದರ ದಾಯಾದಿಗಳೇ. ಊರುಗಳೂ ಈ ಕಸುಬಿನಿಂದ ಹೆಸರು ಪಡೆದಿವೆ. ಜರ್ಮನಿಯಲ್ಲಿ ರೂರ್ ನದಿಯ ದಡದ ಮ್ಯೂಲ್‌ಹೈಮ್ ಎಂದರೆ ಗಿರಣಿಯ ಊರು; ಫ್ರಾನ್ಸಿನ ಮ್ಯುಲೂಜ್ ನಗರದ ಲಾಂಛನದಲ್ಲಿ ಗಿರಣಿಯ ಚಕ್ರವೇ ಇದೆ. ನಮ್ಮ ಋಗ್ವೇದವನ್ನು ಸಾಯಣಭಾಷ್ಯದೊಡನೆ 1849ರಿಂದ 1874ರವರೆಗೆ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರನ ತಂದೆ ವಿಲ್‌ಹೆಲ್ಮ್ ಮುಲ್ಲರ್ ಕವಿ. ಗಿರಣಿಯವನ ಚೆಲುವೆ ಮಗಳನ್ನು ಕುರಿತು ಅವನು ಬರೆದ ಕವನಮಾಲೆಗೆ ಶೂಬರ್ಟ್ 1823ರಲ್ಲಿ ರಾಗ ಕೂಡಿಸಿದ. ಮಗನಾದರೋ ತನ್ನ ಹೆಸರನ್ನು ಸಂಸ್ಕೃತಕ್ಕೆ ಒಗ್ಗಿಸಿ ‘ಮೋಕ್ಷಮೂಲರ’ ಎಂದು ಬರೆಯಿಸಿಕೊಂಡ. ಹಿಟ್ಟು ಬೀಸುವವನು ಹೀಗೆ ಮೋಕ್ಷದ ಮೂಲಕ್ಕೇ ಬಂದು ಕುಳಿತ!

ಆದರೆ ಊರಿನಲ್ಲಿ ಒಕ್ಕಲಿಗರು ನೂರು ಮಂದಿ ಇದ್ದರೂ ಅಷ್ಟು ವ್ಯಾಪಕವಾಗದ ಹೆಸರು ಗಿರಣಿಯವನಿಗೆ ಹೇಗೆ ದಕ್ಕಿತು? ಉತ್ತರ ಆ ಪ್ರಶ್ನೆಯ ಒಳಗೇ ಇದೆ. ಹೆಸರಿನ ಕೆಲಸ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು. ಎಲ್ಲರೂ ಉಳುವ ಊರಿನಲ್ಲಿ ‘ಉಳುವವನು’ ಎಂದರೆ ಯಾರನ್ನೂ ಕರೆದಂತಾಗಲಿಲ್ಲ. ‘ಬೀಸುವವನು’ ಎಂದರೆ ಹೊಳೆಯ ದಡದ ಆ ಒಬ್ಬನೇ ತಿರುಗಿ ನೋಡುತ್ತಿದ್ದ. ನೀರಿನ ಬಲದಿಂದ ತಿರುಗುವ ಗಿರಣಿಯನ್ನು ಕಟ್ಟಲು ಕಾಲುವೆ, ಒಡ್ಡು, ಚಕ್ರ, ಕಲ್ಲು ಎಲ್ಲವೂ ಬೇಕು. ಅದು ಬಡವರ ಕೈಗೆ ನಿಲುಕುವ ಆಸ್ತಿಯಲ್ಲ. ಹಲವೆಡೆ ಅದು ಊರಿನ ಒಡೆಯನ ಸೊತ್ತಾಗಿತ್ತು. ಅವನ ಆಳಿಕೆಯ ರೈತರು ಅವನ ಗಿರಣಿಯಲ್ಲೇ ಬೀಸಿಸಿಕೊಂಡು ಹಿಟ್ಟಿನ ಒಂದು ಪಾಲನ್ನು ಅಲ್ಲೇ ಬಿಟ್ಟು ಬರಬೇಕೆಂಬ ಕಟ್ಟಳೆಯಿತ್ತು. 1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಭೂಮಿಯ ಲೆಕ್ಕದಲ್ಲಿ ಸುಮಾರು 6,000 ಗಿರಣಿಗಳು ದಾಖಲಾಗಿವೆ. ಊರಿಗೊಬ್ಬನಾಗಿ, ಒಡೆಯನ ಲೆಕ್ಕದ ಪುಸ್ತಕದಲ್ಲಿ ಸೇರಿ, ಕಸುಬನ್ನು ಮಗನಿಗೆ ದಾಟಿಸಿದವನ ಹೆಸರು ಮನೆತನದ ಹೆಸರಾಗಿ ನಿಂತದ್ದರಲ್ಲಿ ಆಶ್ಚರ್ಯವೇನು?

ಇದೇ ಅಳತೆಗೋಲನ್ನು ನಮ್ಮ ನಾಡಿಗೆ ಹಿಡಿದು ನೋಡಿದರೆ ಮುಲ್ಲರನ ಸ್ಥಾನದಲ್ಲಿ ನಮಗೆ ಸಿಕ್ಕುವವನು ಗಾಣಿಗ. ಅವನು ಅರೆಯುವುದು ಧಾನ್ಯವನ್ನಲ್ಲ, ಎಳ್ಳು ಹುಚ್ಚೆಳ್ಳು ಹರಳುಗಳನ್ನು. ಗಾಣವೂ ಮನೆಮನೆಯಲ್ಲಿ ಇಟ್ಟುಕೊಳ್ಳುವ ಸಾಮಾನಲ್ಲ. ಅದಕ್ಕೆ ದೊಡ್ಡ ಒರಳು ಬೇಕು, ಎತ್ತು ಬೇಕು, ಎತ್ತು ಸುತ್ತುವಷ್ಟು ಜಾಗ ಬೇಕು. ಆದಕಾರಣವೇ ಅದು ಪ್ರತ್ಯೇಕ ಕಸುಬಾಯಿತು, ಕಸುಬು ಕುಲವಾಯಿತು, ಕುಲದೊಳಗೆ ಉಪಕರಣದ ಭೇದವೇ ಪಂಗಡಗಳ ಹೆಸರಾಯಿತು. ಕಲ್ಲುಗಾಣಕ್ಕೆ ಜೋಡಿ ಎತ್ತು ಹೂಡುವವರು ಹೆಗ್ಗಾಣಿಗರು, ಮರದ ಗಾಣದವರು ಕಿರುಗಾಣಿಗರು, ಒಂದೇ ಎತ್ತು ಕಟ್ಟುವವರು ಒಂಟೆತ್ತಿನ ಗಾಣಿಗರು ಎಂದು ಹಳೆಯ ಮೈಸೂರು ಸೀಮೆಯ ವಿವರಣೆಗಳು ಹೇಳುತ್ತವೆ. ದೀಪಕ್ಕೆ ಎಣ್ಣೆ ಕೊಡುವವರಾದ್ದರಿಂದ ಅವರಿಗೆ ‘ಜ್ಯೋತಿಪಣ’ರೆಂಬ ಗೌರವದ ಹೆಸರೂ ಇದೆ.

ನಮ್ಮ ಶಾಸನಗಳಲ್ಲಿಯೂ ಅವರು ಕಾಣಿಸಿಕೊಳ್ಳುತ್ತಾರೆ. ‘ತೆಲ್ಲಿಗರೈವತ್ತೊಕ್ಕಲು’ ಎಂಬುದು ಅವರ ವೃತ್ತಿಸಂಘ. ದೇವಾಲಯದ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಎಣ್ಣೆ ಎಂದು ಬಿಟ್ಟುಕೊಡುವ ದಾನವೂ, ಅರಸನಿಗೆ ಸಲ್ಲುವ ‘ಗಾಣದೆರೆ’ಯೂ ಕಲ್ಲಿನ ಮೇಲೆ ಕೆತ್ತಲ್ಪಟ್ಟಿವೆ. ದೇವರಿಗೂ ದೊರೆಗೂ ಲೆಕ್ಕ ಒಪ್ಪಿಸಿದ ಕಸುಬು ಹೆಸರಾಗದೆ ಇರುವುದೆಂತು? ಉತ್ತರ ಕರ್ನಾಟಕದ ಯಾವುದೇ ಶಾಲೆಯ ಹಾಜರಿ ಪುಸ್ತಕವನ್ನು ತೆರೆಯಿರಿ. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಹೂಗಾರರ ಸಾಲಿನಲ್ಲಿ ಗಾಣಿಗೇರನೂ ಇರುತ್ತಾನೆ. ಬೆಂಗಳೂರಿನ ಬಳಿ ಗಾಣಿಗರಹಳ್ಳಿ ಇದೆ. ಹಳೆಯ ಬೆಂಗಳೂರಿನ ಪೇಟೆಗಳ ನಡುವೆ ಗಾಣಿಗರಪೇಟೆ ಇದೆ.

ಆ ಪೇಟೆಗಳನ್ನೇ ಇನ್ನಷ್ಟು ಸುತ್ತಿದರೆ ನಮ್ಮ ಪ್ರಶ್ನೆ ಮತ್ತಷ್ಟು ಮೊನಚಾಗುತ್ತದೆ. ಅಲ್ಲಿ ಅಕ್ಕಿಪೇಟೆಯಿದೆ, ರಾಗಿಪೇಟೆಯಿದೆ. ಮಾರಾಟವಾದ ಧಾನ್ಯಕ್ಕೆ ಒಂದು ಪೇಟೆಯ ಹೆಸರು ದೊರೆತಿದೆ. ಆದರೆ ಅಕ್ಕಿಪೇಟೆಗೆ ಬರುವ ಮುಂಚೆ ಬತ್ತವು ಅಕ್ಕಿಯಾಗಬೇಕಷ್ಟೆ? ಅದನ್ನು ಅಕ್ಕಿ ಮಾಡಿದವರ ಪೇಟೆ ಎಲ್ಲಿದೆ?

ಎಲ್ಲಿಯೂ ಇಲ್ಲ, ಏಕೆಂದರೆ ಆ ಕೆಲಸ ಪೇಟೆಗೆ ಇಳಿದದ್ದೇ ಅಪರೂಪ. ಅದು ಒಳಮನೆಯಲ್ಲಿ, ಹಿತ್ತಿಲಲ್ಲಿ, ಬೆಳಗಿನ ಜಾವದಲ್ಲಿ, ಹೆಂಗಸರ ತೋಳಿನಲ್ಲಿ ನಡೆಯಿತು. ಬತ್ತವನ್ನು ಕುಟ್ಟಿ, ಕೇರಿ, ಹೊಟ್ಟು ಹಾರಿಸಿ, ಮತ್ತೆ ಥಳಿಸಿ, ತವುಡು ಬೇರೆ, ನುಚ್ಚು ಬೇರೆ ಮಾಡಬೇಕು. ರಾಗಿ ಜೋಳಗಳನ್ನು ಕಲ್ಲಿಗೆ ಹಿಡಿಹಿಡಿಯಾಗಿ ಹಾಕಿ ಗೂಟ ಹಿಡಿದು ತಿರುಗಿಸಬೇಕು. ಹತ್ತು ಮಂದಿಯ ಮನೆಯಾದರೆ ಪ್ರತಿದಿನವೂ ಇದೇ. ಇದು ಬರಿಯ ಬಲದ ಕೆಲಸವೂ ಅಲ್ಲ. ಕೊಡಗಿನ ಅಡುಗೆಮನೆಯನ್ನು ಬಲ್ಲವರಿಗೆ ಇದು ಗೊತ್ತು: ಪಾಪುಟ್ಟಿಗೂ ಕಡುಂಬುಟ್ಟಿಗೂ ಅಕ್ಕಿಯ ತರಿ ಬೇಕು, ನೂಪುಟ್ಟಿಗೂ ಒಟ್ಟಿಗೂ ಹಿಟ್ಟು ಬೇಕು, ತರಿ ಹಿಟ್ಟಾದರೆ ಕೆಟ್ಟಿತು, ಹಿಟ್ಟು ತರಿಯಾದರೆ ಕೆಟ್ಟಿತು. ಈ ಹದವೆಲ್ಲ ಬೆರಳಿನ ಜ್ಞಾನ. ಪ್ರತಿಯೊಂದು ಮನೆಯಲ್ಲಿಯೂ ಇದ್ದ ಜ್ಞಾನವಾದ್ದರಿಂದ ಅದು ಯಾವ ಮನೆಗೂ ಹೆಸರಾಗಲಿಲ್ಲ.

ಇದರ ಜೊತೆಗೆ ಇನ್ನೊಂದು ಕಾರಣವೂ ಉಂಟು. ನಮ್ಮಲ್ಲಿ ಮನೆಹೆಸರು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಇಳಿಯುತ್ತದೆ. ಕೊಡವರಲ್ಲಂತೂ ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮುಂದೆ ನಿಲ್ಲುತ್ತದೆ: ಕೊಡಂದೇರ ಕಾರ್ಯಪ್ಪ, ನಡಿಕೇರಿಯಂಡ ಚಿಣ್ಣಪ್ಪ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದ ಕಸುಬು ಆ ದಾರಿಯಲ್ಲಿ ನಡೆಯಲಿಲ್ಲ. ಮಗಳು ಮದುವೆಯಾಗಿ ಹೋಗುವಾಗ ಕೈಯ ಹದವನ್ನು ಕೊಂಡೊಯ್ದಳು; ಹೆಸರನ್ನು ತವರಿನಲ್ಲಿ ಬಿಟ್ಟಳು.

ಹಾಗೆಂದು ಕನ್ನಡವು ಕುಟ್ಟುವವಳನ್ನು ಪೂರ್ತಿಯಾಗಿ ಮರೆತಿಲ್ಲ. ಎರಡು ಹೆಸರುಗಳು ಉಳಿದಿವೆ, ಎರಡೂ ಹೆಣ್ಣಿನವು.

ಮೊದಲನೆಯದು ಹನ್ನೆರಡನೆಯ ಶತಮಾನದ ಶರಣೆ ಕೊಟ್ಟಣದ ಸೋಮಮ್ಮನದು. ಕೊಟ್ಟಣವೆಂದರೆ ಬತ್ತ ಕುಟ್ಟಿ ಅಕ್ಕಿ ಮಾಡುವ ಕೆಲಸ. ಅದೇ ಅವಳ ಕಾಯಕ. ಕಾಯಕವನ್ನೇ ಹೆಸರಿನ ಮುಂದೆ ಧರಿಸುವುದನ್ನು ಶರಣರು ಮಾನವೆಂದು ಬಗೆದರು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಗಾಣದ ಕಣ್ಣಪ್ಪ. ಈ ಗಂಡಸರ ಕಸುಬುಗಳೆಲ್ಲ ಊರಿಗೆ ತಿಳಿದ ಕಸುಬುಗಳು. ಅವರ ಸಾಲಿನಲ್ಲಿ ಒನಕೆ ಹಿಡಿದವಳೂ ತನ್ನ ಕೆಲಸದ ಹೆಸರಿನಿಂದಲೇ ನಿಲ್ಲುವಳೆಂಬುದು ಸಾಮಾನ್ಯ ಸಂಗತಿಯಲ್ಲ. ಗಾಣದ ಕಣ್ಣಪ್ಪನಿಗೂ ಕೊಟ್ಟಣದ ಸೋಮಮ್ಮನಿಗೂ ಒಂದೇ ವಿಭಕ್ತಿ, ಒಂದೇ ಮರ್ಯಾದೆ. ಗಾಣವು ಮುಂದೆ ಮನೆತನವಾಗಿ ಬೆಳೆಯಿತು. ಕೊಟ್ಟಣವು ಸೋಮಮ್ಮನೊಡನೆಯೇ ನಿಂತಿತು.

ಎರಡನೆಯದು ಚಿತ್ರದುರ್ಗದ ಒನಕೆ ಓಬವ್ವನದು. ಹದಿನೆಂಟನೆಯ ಶತಮಾನದಲ್ಲಿ, ಮದಕರಿನಾಯಕನ ಕಾಲದಲ್ಲಿ, ಹೈದರನ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿರಲು ಕಾವಲುಗಾರನ ಹೆಂಡತಿ ಕೈಗೆ ಸಿಕ್ಕ ಒನಕೆಯಿಂದಲೇ ಅವರನ್ನು ಬಡಿದಳೆಂಬ ಐತಿಹ್ಯ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಅವಳ ಗಂಡನಿಗೆ ಐತಿಹ್ಯವು ‘ಕಹಳೆ’ ಎಂಬ ಉಪಪದವನ್ನು ಕೊಟ್ಟಿದೆ; ಅದು ಕೋಟೆಯ ಉದ್ಯೋಗದ ಗುರುತು. ಅವಳದು ಅಡುಗೆಮನೆಯ ಗುರುತು. ಬತ್ತ ಕುಟ್ಟುವ ಕೋಲು ಇಲ್ಲಿ ಹೆಸರೂ ಆಯಿತು, ಸ್ಥಳವೂ ಆಯಿತು: ಒನಕೆ ಓಬವ್ವನ ಕಿಂಡಿ. ಆದರೆ ಗಮನಿಸಬೇಕು, ದಿನದಿನವೂ ಬತ್ತ ಕುಟ್ಟಿದ್ದಕ್ಕಾಗಿ ಆ ಹೆಸರು ಬರಲಿಲ್ಲ. ಒನಕೆಯು ಒಂದು ದಿನ ಒರಳನ್ನು ಬಿಟ್ಟು ಹೊರಗೆ ಬಂದುದರಿಂದ ಬಂತು.

ಒರಳಿನ ಬಳಿಯಲ್ಲೇ ಉಳಿದವರು ಹೆಸರಿನ ಬದಲು ಹಾಡನ್ನು ಬಿಟ್ಟುಹೋದರು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ, ಬೀಸುವ ಕುಟ್ಟುವ ಹೆಣ್ಣಿನ ಬಾಯಲ್ಲಿ ಬೆಳೆದ ತ್ರಿಪದಿಯ ಸಂಪತ್ತು ವಿದ್ವಾಂಸರ ಕಣ್ಣಿಗೆ ಬಿತ್ತು. ಆ ಬಳಗದ ಹಿರಿಯರಲ್ಲಿ ಒಬ್ಬರು ಸಿಂಪಿ ಲಿಂಗಣ್ಣ. ಸಿಂಪಿ ಎಂದರೆ ಬಟ್ಟೆ ಹೊಲಿಯುವವನು. ಹಾಡನ್ನು ಕೂಡಿಸಿದವರ ಮನೆಹೆಸರಿನಲ್ಲಿ ಸೂಜಿಯ ನೆನಪಿದೆ. ಹಾಡನ್ನು ಕಟ್ಟಿದವರ ಹೆಸರಿನಲ್ಲಿ ಕಲ್ಲಿನ ನೆನಪಿಲ್ಲ. ಅವರಿಗೆ ಹೆಸರೇ ಇಲ್ಲ.

ಮುಂದೆ ಯಂತ್ರ ಬಂತು. ಅಕ್ಕಿಯ ಮಿಲ್ಲು, ಹಿಟ್ಟಿನ ಗಿರಣಿ ಊರೂರಿಗೆ ಕಾಲಿಟ್ಟವು. ಕೈಕುಟ್ಟಣದ ಕೂಲಿಯನ್ನೇ ನಂಬಿದ್ದ ಬಡ ಹೆಂಗಸರ ಗತಿಯೇನೆಂಬ ಪ್ರಶ್ನೆ ಆಗ ದೇಶದ ಮುಂದೆ ಬಂದಿತು. ಗಿರಣಿಗಳು ಅನುಮತಿಯಿಲ್ಲದೆ ಹೆಚ್ಚದಂತೆ 1958ರಲ್ಲಿ ಒಂದು ಕೇಂದ್ರ ಕಾನೂನೇ ಆಯಿತು. 1997ರಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟರೊಳಗೆ ಒನಕೆಯ ಸದ್ದು ಬಹುಮಟ್ಟಿಗೆ ಅಡಗಿತ್ತು. ತೋಳಿಗೆ ಬಿಡುವು ದೊರೆತದ್ದು ದೊಡ್ಡ ಉಪಕಾರ; ಅದನ್ನು ಅಲ್ಲಗಳೆಯುವವನು ಒಮ್ಮೆಯೂ ಬೀಸುವ ಕಲ್ಲು ಹಿಡಿದವನಾಗಿರಲಾರ. ಆದರೆ ಒಂದು ವಿನೋದವನ್ನು ನೋಡಿ. ಕೆಲಸವು ಹೆಂಗಸರ ಕೈಯಿಂದ ಜಾರಿ, ಊರಿಗೊಂದರಂತೆ ಮಿಲ್ಲಾಗಿ, ಒಬ್ಬ ಯಜಮಾನನ ಪಾಲಾದೊಡನೆಯೇ ಹೆಸರುಗಳು ಹುಟ್ಟತೊಡಗಿದವು. ಮಿಲ್ಲಿನ ಸಾಹುಕಾರರು, ಗಿರಣಿಯವರ ಮನೆ, ರೈಸ್‌ಮಿಲ್ ರಸ್ತೆ! ಸಾವಿರ ವರ್ಷ ಹೆಸರಿಲ್ಲದೆ ನಡೆದ ಕೆಲಸಕ್ಕೆ ಒಂದು ತಲೆಮಾರಿನೊಳಗೆ ನಾಮಕರಣವಾಯಿತು. ಮುಲ್ಲರನ ಕಥೆಯೇ ಇಲ್ಲಿ ತಡವಾಗಿ ಮತ್ತೆ ನಡೆಯಿತು.

ಬಾಳೆಲೆಯಿಂದ ಹೊರಡುವ ಮುನ್ನ ನಾನು ಆ ತಾಯಿಯನ್ನು ಕೇಳಿದ್ದೆ: ಪಾಪುಟ್ಟಿನ ತರಿಗೂ ಕಡುಂಬುಟ್ಟಿನ ತರಿಗೂ ವ್ಯತ್ಯಾಸ ಎಷ್ಟು? ಅವರು ಮಾತಿನಲ್ಲಿ ಹೇಳಲಿಲ್ಲ. ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದರ ಮೇಲೊಂದು ಉಜ್ಜಿ ಒಮ್ಮೆ ತೋರಿದರು. ಸ್ವಲ್ಪ ಬಿಗಿ ಮಾಡಿ ಇನ್ನೊಮ್ಮೆ ತೋರಿದರು. ಆ ಎರಡು ಉಜ್ಜುಗಳ ನಡುವಿನ ವ್ಯತ್ಯಾಸವನ್ನು ಬರೆಯಲು ನನ್ನಲ್ಲಿ ಶಬ್ದವಿಲ್ಲ. ಮೊಮ್ಮಗಳು ಬೆರಳುಗಳನ್ನು ಹಾಗೆಯೇ ಉಜ್ಜಿ ನೋಡಿಕೊಂಡಳು.

ನಮ್ಮ ವಿದ್ಯಾರ್ಥಿಗಳು ಊರ ಹೆಸರುಗಳನ್ನೂ ಮನೆತನದ ಹೆಸರುಗಳನ್ನೂ ಸಂಗ್ರಹಿಸುತ್ತಿದ್ದಾರೆ, ಒಳ್ಳೆಯ ಕೆಲಸ. ಹಾಗೆ ಊರಿಗೆ ಹೋದಾಗ, ಹೆಸರಾಗದೆ ಉಳಿದ ಕೆಲಸಗಳು ಯಾವುವೆಂಬುದನ್ನೂ ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಮನೆಹೆಸರು ನೂರು ವರ್ಷ ಬಿಟ್ಟು ಹೋದರೂ ಸಿಕ್ಕೀತು. ಆ ಬೆರಳುಗಳು ಅಷ್ಟು ಕಾಲ ಕಾಯಲಾರವು.